ಹನ್ನೊಂದು ಪೆಟಿಗಿ ಮಾಡಿದ ಕಾಕಾ

ಕಾಕಾ ಕಬ್ಬಿಣದ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಅಂಗಡಿಯ ಶಟರ್ ಇರಲಿ, ಟೇಬಲ್ ಫ್ಯಾನ್ ಇರಲಿ, ನನ್ನ ಹೊಲಿಗೆ ಮಷೀನಿನ ಗಾಲಿಯೇ ಇರಲಿ, ಬಲಗೈಯ ಹಿಂಬದಿಯನ್ನು ಒಮ್ಮೆ ಹಗುರಾಗಿ ತಾಗಿಸಿ, ಸ್ವಲ್ಪ ತಡೆದು, ಆಮೇಲೆ ಹಿಡಿಯುತ್ತಿದ್ದರು. ಅವರ ಬಾಜೂ ಅಂಗಡಿ ಹಿಡಿದ ಹೊಸದರಲ್ಲಿ ಇದೇನೋ ಮಡಿಯ ಪದ್ಧತಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ಕರೆಂಟ ಇದ್ರ ಅಂಗೈ ಮುಚ್ಚಕೋತೈತಿ ಯವ್ವಾ. ಹಿಡದದ್ದನ್ನ ಬಿಡಾಕ ಬರೂದಿಲ್ಲ. ಹಿಂಗೈ ಆದ್ರ ಝಾಡಿಸಿ ಒಗೀತೈತಿ.”

“ನನ್ನ ಮಷೀನ ಕಾಲಿಂದ ತುಳಿಯೂದ್ರಿ ಕಾಕಾ. ಅದರಾಗ ಎಲ್ಲೀ ಕರೆಂಟ?”

“ಇಲ್ಲ, ಖರೆ. ಆದ್ರ ಕೈಯ ರೂಢಿ ತಪ್ಪಬಾರದು.”

ಕಾಕಾ ತೀರಿಕೊಂಡು ಐದು ತಿಂಗಳಾಯಿತು. ಗೋಕಾಕದ ಬಜಾರಿನಲ್ಲಿ ನನ್ನ ಟೇಲರಿಂಗ್ ಅಂಗಡಿ, ಅದರ ಗೋಡೆಗೆ ಹತ್ತಿ ಅವರ ರಿಪೇರಿ ಅಂಗಡಿ. ಅವರು ತಂತಿ ಬೆಸೆಯುವ ಸೋಲ್ಡರಿನ ಹೊಗೆ ಈ ಕಡೆ ಬರುತ್ತಿತ್ತು, ನನ್ನ ದಾರದ ಎಳೆಗಳು ಹಾರಿ ಆ ಕಡೆ ಹೋಗುತ್ತಿದ್ದವು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಅಂಗಡಿಯ ಬೋರ್ಡಿನ ಮೇಲೆಯೇ ಅವರು ಹೆಸರು ಬರೆಸಿದವರಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಆರ್ಕೆಸ್ಟ್ರಾದವರಿಗೆ ಅವರು ಪೆಟಿಗಿ ಕಾಕಾ.

ಅವರು ಮಾಡಿದ್ದು ಒಟ್ಟು ಹನ್ನೊಂದು ಪೆಟಿಗಿ. ಹತ್ತು ಎಲ್ಲಿವೆ ಎಂದು ನನಗೆ ಗೊತ್ತು. ಒಂದು ಎಲ್ಲಿದೆಯೋ ಗೊತ್ತಿಲ್ಲ. ಅದನ್ನು ಈಗ ತುಳಿಯುತ್ತಿರುವವರು ಯಾರೇ ಇರಲಿ, ಅವರ ಜೀವಕ್ಕೆ ಅಪಾಯವಿದೆ. ನಾನು ಬರೆಯಲು ಕೂತದ್ದು ಕಾಕಾನ ನೆನಪಿಗೆ, ಅದರ ಜೊತೆಗೆ ಈ ಭಯಕ್ಕೆ.

ಪೆಟಿಗಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಇದು ಆ ಪೆಟಿಗಿ ಅಲ್ಲ. ನನಗೆ ಸಂಗೀತ ತಿಳಿಯದು, ಕಾಕಾ ಹೇಳಿಕೊಟ್ಟಷ್ಟು ಹೇಳುತ್ತೇನೆ. ಕರೆಂಟಿನ ಗಿಟಾರಿಗೆ ತನ್ನದೇ ದನಿ ಇಲ್ಲ. ಅದನ್ನು ಆಂಪ್ಲಿಫಾಯರಿಗೆ ಜೋಡಿಸಿದಾಗಲೇ ಅದು ಹಾಡುತ್ತದೆ. ಒಂದೊಂದು ಆಂಪ್ಲಿಫಾಯರಿನ ದನಿ ಒಂದೊಂದು ಥರ: ಒಂದು ಜೇನಿನಂತೆ, ಒಂದು ಹರಿದ ಬಟ್ಟೆಯಂತೆ. ಎಲ್ಲವೂ ಜೋಳದ ಚೀಲದಷ್ಟು ಭಾರ. ಆಮೇಲೆ ಪರದೇಶದವರು ನೆಲದ ಮೇಲೆ, ಕಾಲ ಬುಡದಲ್ಲಿ ಇಡುವ ಒಂದು ಪೆಟ್ಟಿಗೆ ಮಾಡಿದರು. ಅದರ ಕಂಪ್ಯೂಟರಿನೊಳಗೆ ಐವತ್ತು ಆಂಪ್ಲಿಫಾಯರುಗಳ ದನಿಯ ನಕಲು. ಕಾಲಿನಿಂದ ಒಂದು ಗುಂಡಿ ತುಳಿದರೆ ಜೇನು, ಇನ್ನೊಂದು ತುಳಿದರೆ ಹರಿದ ಬಟ್ಟೆ. ಗಿಟಾರಿನವರು ಅದಕ್ಕೆ ಪ್ರೊಸೆಸರ್ ಎನ್ನುತ್ತಾರೆ, ಓದಿದವರು ಮಾಡೆಲರ್ ಎನ್ನುತ್ತಾರೆ. ಅದರಿಂದ ಬಂದ ತಂತಿಯನ್ನು ಸೀದಾ ಸೌಂಡಿನವರ ಮಿಕ್ಸರಿಗೆ ಚುಚ್ಚಿದರಾಯಿತು.

ಆದರೆ ಆ ಪೆಟ್ಟಿಗೆಗಳು ನಮ್ಮ ಕಡೆ ಬಂದು ಸಾಯತೊಡಗಿದವು. ಒಂದು ಸೀಸನ್ ಮುಗಿಯುವುದರೊಳಗೆ ಕಾಕಾನ ಟೇಬಲ್ಲಿನ ಮೇಲೆ ಮೂರು ನಾಲ್ಕು ಹೆಣ ಬಿದ್ದಿರುತ್ತಿದ್ದವು. “ಇವು ಎಸಿ ಹಾಲಿನ್ಯಾಗ ಬೂಟ ಹಾಕ್ಕೊಂಡ ನಿಂತ ತುಳಿಯೂ ಮಂದಿಗೆ ಮಾಡಿದ್ದು ಯವ್ವಾ. ನಮ್ಮ ಕರೆಂಟ ಇವು ಕನಸಿನಾಗೂ ಕಂಡಿಲ್ಲ,” ಎನ್ನುತ್ತಿದ್ದರು.

ಮಿದುಳು ಚೆನ್ನಾಗಿದ್ದು ಮೈ ಸತ್ತ ಪೆಟ್ಟಿಗೆಗಳನ್ನು ಕಾಕಾ ಕೊಂಡುಕೊಳ್ಳತೊಡಗಿದರು. ಒಳಗಿನ ಬೋರ್ಡು ಬಿಚ್ಚಿ ತೆಗೆದು ಅದಕ್ಕೆ ಹೊಸ ಮೈ ಕಟ್ಟುತ್ತಿದ್ದರು. ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಕಡೆ ದಪ್ಪ ತಗಡು ಮಡಿಸಿಕೊಂಡು ಬರುವುದು, ಟ್ರೇಲರಿಗೆ ಹಚ್ಚಿ ಉಳಿದ ಕೆಂಪು ಬಣ್ಣವನ್ನೇ ಅದಕ್ಕೂ ಹೊಡೆಸುವುದು. ಬಿಸಿಲಲ್ಲಿ ಪರದೆ ಕಾಣುವುದಿಲ್ಲ ಎಂದು ಅದರ ಮೇಲೆ ತಗಡಿನ ಸಣ್ಣ ಛಾವಣಿ. ನಮ್ಮ ಕಲಾವಿದರು ಸ್ಟೇಜಿನ ಮೇಲೆ ಚಪ್ಪಲಿ ಹಾಕುವುದಿಲ್ಲ. ಬೂಟಿಗಾಗಿ ಮಾಡಿದ ಚೂಪು ಗುಂಡಿ ಬರಿಗಾಲಿಗೆ ಚುಚ್ಚುತ್ತದೆ. ಅದಕ್ಕೆ ಕಾಕಾ ಅಗಲ ತಲೆಯ, ಮೊಂಡ ಗುಂಡಿ ಹಾಕಿದರು. ಎರಡು ಸಾಲು, ನಾಲ್ಕು ನಾಲ್ಕರಂತೆ ಎಂಟು.

ಗುಂಡಿಯಿಂದ ಗುಂಡಿಗೆ ಎಷ್ಟು ಅಂತರ? ಅದಕ್ಕೆ ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಕಟಿಂಗ್ ಮಾಡುವ ಕಂದು ಕಾಗದ ನೆಲಕ್ಕೆ ಹಾಸಿ, ಗಿಟಾರಿನವನನ್ನು ಅದರ ಮೇಲೆ ನಿಲ್ಲಿಸಿ, ನನ್ನ ಸೀಮೆಸುಣ್ಣದಿಂದ ಅವನ ಪಾದದ ಸುತ್ತ ಗೆರೆ ಎಳೆಯುತ್ತಿದ್ದರು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ನಗುತ್ತಿದ್ದರು.

“ಏನ್ರಿ ಕಾಕಾ, ಇವಗ ಬೂಟ ಹೊಲಸೂದೇನು?”

“ಹೌದವಾ. ಕಬ್ಬಣದ ಬೂಟ. ಇದನ್ನ ಹಾಕ್ಕೊಂಡ್ರ ದನಿ ಬರತೈತಿ.”

ಪೆಟಿಗಿಗೆ ರೆಕ್ಸಿನ್ ಚೀಲ ಹೊಲಿಯುವುದು ನನ್ನ ಕೆಲಸ. ಸೋಫಾ ಹೊಲಿದು ಉಳಿದ ತುಂಡುಗಳಿಂದ ಹೊಲಿಯುತ್ತಿದ್ದೆ, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಯಾವ ಚೀಲ ಯಾವ ಊರಿಗೆ ಹೋಯಿತು ಎನ್ನುವುದು ನನಗೆ ಬಟ್ಟೆಯ ಮೇಲಿಂದಲೇ ನೆನಪು.

ಅವರು ಹೆಮ್ಮೆ ಪಡುತ್ತಿದ್ದದ್ದು ಮಾತ್ರ ಪೆಟಿಗಿಯ ಒಳಗಿನ ಒಂದು ಕೆಲಸಕ್ಕೆ. ಪರದೇಶದ ಪೆಟ್ಟಿಗೆಗೆ ಮೊಬೈಲಿಗಿದ್ದಂತೆ ಹೊರಗೆ ಅಡಾಪ್ಟರ್ ಇರುತ್ತದೆ. ಕುಣಿಯುವವರ ಕಾಲಿಗೆ ಸಿಕ್ಕು ಅದು ಕಿತ್ತು ಬರುತ್ತಿತ್ತು. ಕರೆಂಟು ಒಂದು ರೆಪ್ಪೆ ಮಿಟುಕಿದರೂ ಪೆಟ್ಟಿಗೆ ಆರಿ, ಮತ್ತೆ ಕಣ್ಣು ತೆರೆಯಲು ಒಂದು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಿತ್ತು. ಹಾಡು ಅರ್ಧಕ್ಕೆ ನಿಂತು ಜನ ಸಿಳ್ಳೆ ಹೊಡೆಯುತ್ತಿದ್ದರು. ಕಾಕಾ ಅಡಾಪ್ಟರನ್ನು ತೆಗೆದುಹಾಕಿ ದೊಡ್ಡ ಟ್ರಾನ್ಸ್‌ಫಾರ್ಮರನ್ನು ಪೆಟಿಗಿಯ ಹೊಟ್ಟೆಯಲ್ಲೇ, ಕರೆಂಟು ಕೂಡಿಡುವ ಕೆಪಾಸಿಟರುಗಳ ಜೊತೆ ಕೂರಿಸಿದರು. ಕರೆಂಟು ಏರಲಿ, ಇಳಿಯಲಿ, ಒಂದೆರಡು ಕ್ಷಣ ಹೋಗಿಯೇ ಬರಲಿ, ಪೆಟಿಗಿ ಅಲ್ಲಾಡುತ್ತಿರಲಿಲ್ಲ.

ಮೇಲವಂಕಿಯಲ್ಲಿ ಒಂದು ಮದುವೆಗೆ ಕಾಕೂ, ಅಂದರೆ ಅವರ ಹೆಂಡತಿ, ಮತ್ತು ನಾನು ಹೋಗಿದ್ದೆವು. ಕಾಕಾ ತಾವೂ ಗಿಟಾರು ಬಲ್ಲವರು, ಅವತ್ತು ಆರ್ಕೆಸ್ಟ್ರಾದಲ್ಲಿ ಅವರೇ ನುಡಿಸುವವರಿದ್ದರು. ಮಟಮಟ ಮಧ್ಯಾಹ್ನ. ಕಾಕಾ ಗಿಟಾರು ಮುಟ್ಟುವ ಮೊದಲು ಪೆಂಡಾಲಿನ ಹಿಂದೆ ಹೋಗಿ, ನೆಲಕ್ಕೆ ಹೊಡೆದ ಅರ್ಥಿಂಗಿನ ಕಬ್ಬಿಣದ ಸರಳಿಗೆ ಒಂದು ಕೊಡ ಉಪ್ಪುನೀರು ಸುರಿದರು. ಆ ಮನೆಯ ಮುದುಕಿ ನೋಡುತ್ತ ನಿಂತಿದ್ದವಳು ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಸರಳಿಗೆ ಹಚ್ಚಿದಳು.

“ಯಾವ ದೇವರ್ರಿ ಇದು?”

“ಭೂಮಿತಾಯಿ ಅವಾ. ಹೊಟ್ಟೀಗೆ ಹಾಕ್ಕೊಳ್ಳಾಕಿ,” ಎಂದರು ಕಾಕಾ. ಅವರ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ಸೌಂಡಿನವನ ಜೊತೆ ಅರ್ಧ ತಾಸು ವಾದ. ಮಿಕ್ಸರಿಗೂ ಪೆಟಿಗಿಗೂ ಒಂದೇ ಬೋರ್ಡಿನಿಂದ ಕರೆಂಟು ಬರಬೇಕು ಎಂದು ಕಾಕಾ. ಅಷ್ಟು ಉದ್ದ ವೈರ್ ಯಾರು ಎಳೆಯಬೇಕು ಎಂದು ಅವನು. ಕೊನೆಗೆ ಕಾಕಾ ತಾವೇ ಎಳೆದರು. ಮೈಕಿಗೆ ಹಿಂಗೈ, ಗಿಟಾರಿನ ತಂತಿಗೆ ಹಿಂಗೈ, ಆಮೇಲೆ ಎರಡಕ್ಕೂ ಟೆಸ್ಟರ್ ತಾಗಿಸಿ, “ಹಾಂ, ಈಗ ಹಾಡ್ರಿ” ಎಂದರು. ಎರಡನೆಯ ಹಾಡಿಗೆ ಕರೆಂಟು ಮಿಣುಕಿತು. ಕೀಬೋರ್ಡು ಸತ್ತು ಹೋಯಿತು, ಸ್ಪೀಕರುಗಳು ಒಂದು ಉಸಿರು ನಿಂತು ಮತ್ತೆ ಬಂದವು. ಕಾಕಾನ ಗಿಟಾರು ಏನೂ ಆಗಿಲ್ಲವೆಂಬಂತೆ ನಡೆದೇ ಇತ್ತು. ಕೀಬೋರ್ಡಿನವನು ಮೇಲೇಳುವವರೆಗೆ ಅವರೊಬ್ಬರೇ ಹಾಡನ್ನು ಹೊತ್ತು ನಿಂತರು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗುಂಡಿ ಹುಡುಕುತ್ತ. ಅವರು ಖುಷಿಯಾಗಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೊಂದೇ ಸಲ.

ಈ ಹಿಂಗೈ, ಉಪ್ಪುನೀರು, ಟೆಸ್ಟರ್ ಎಲ್ಲ ಯಾಕೆ ಎಂದು ಅವರು ಹೇಳಿದ್ದು ಬಹಳ ವರ್ಷಗಳ ಮೇಲೆ. ಒಂದು ದಿನ ಮಧ್ಯಾಹ್ನ ಬಜಾರಿಗೆಲ್ಲ ಕರೆಂಟು ಹೋಗಿತ್ತು. ಕೆಲಸವಿಲ್ಲದೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದೆ. ಕೇಳದೆಯೇ ಹೇಳತೊಡಗಿದರು.

ಹರೆಯದಲ್ಲಿ ಅವರಿಗೊಬ್ಬ ಜೀವದ ಗೆಳೆಯ. ಗಿಟಾರು ನುಡಿಸುತ್ತ ಹಾಡುತ್ತಿದ್ದ. ಆಂಪ್ಲಿಫಾಯರು, ವೈರು ಕಾಕಾನ ಜವಾಬ್ದಾರಿ. ಒಂದು ಕಾರ್ಯಕ್ರಮದಲ್ಲಿ ಬೆಳಗಿನಿಂದ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸಪ್ಪಳ. ಎರಡು ಕಡೆಯಿಂದ ಕರೆಂಟು ತೆಗೆದುಕೊಂಡಾಗ ಎರಡು ಕಡೆಯ ಅರ್ಥಿಂಗು ಒಂದಕ್ಕೊಂದು ಹೊಂದದೆ ಹಾಗೆ ಆಗುತ್ತದಂತೆ. ಕರೆಸಿದವರು ಬೈದರು. ಅರ್ಥಿಂಗಿನದು ಹಸಿರು ತಂತಿ. ಆಂಪ್ಲಿಫಾಯರಿನ ಹಸಿರು ತಂತಿಯನ್ನು ಕತ್ತರಿಸಿದರೆ ಸಪ್ಪಳ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದು ಕಾಕಾಗೆ ನೆನಪಾಯಿತು.

“ಕತ್ತರಿಸಿದ್ನಿ. ಸಪ್ಪಳ ಗಪ್ಪಾತು. ಎಲ್ಲಾರೂ ಶಾಬಾಸ ಅಂದ್ರು. ಅವನೂ ಅಂದ.”

ನಾನು ಸೂಜಿ ನಿಲ್ಲಿಸಿದೆ.

“ಒಳಗ ಕರೆಂಟ ಎಲ್ಲೋ ಹಾಯಾಕತ್ತಿತ್ತು. ಹಸರ ತಂತಿ ಇದ್ದಿದ್ರ ಅದು ಭೂಮಿಗೆ ಹೋಗತಿತ್ತು. ಇಲ್ಲಂದಮ್ಯಾಲೆ ಗಿಟಾರಕ್ಕ ಬಂದು ನಿಂತಿತ್ತು, ಹಾದಿ ಕಾಯಕೋತ. ಮೂರನೇ ಹಾಡಿಗೆ ಅಂವ ಮೈಕಿಗೆ ತುಟಿ ಹಚ್ಚಿದ. ಗಿಟಾರ ಎದಿಗೆ ಅವಚಿಕೊಂಡ ಬಿದ್ದ. ಬಿಡಸಾಕ ಆಗಲಿಲ್ಲ.”

ಜನ ಹೃದಯ ನಿಂತಿತು ಎಂದರು. ಡಾಕ್ಟರೂ ಹಾಗೇ ಬರೆದರು. ಕಾಕಾ ಬಾಯಿ ಬಿಡಲಿಲ್ಲ.

“ಅವರವ್ವ ಕಡೀತನಕ ನನ್ನ ಕಂಡ್ರ ಕರದ ರೊಟ್ಟಿ ಹಾಕತಿದ್ಲು. ನಾನೂ ತಿಂದ್ನಿ ಯವ್ವಾ.”

ಇದನ್ನು ಬರೆಯಬಹುದೋ ಬಾರದೋ ಎಂದು ಬಹಳ ದಿನ ಯೋಚಿಸಿದೆ. ಆ ತಾಯಿ ಈಗಿಲ್ಲ. ಕಾಕೂಗೆ ಓದಿ ಹೇಳಿದೆ. ಅವರು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದನ್ನು ಕೇಳಿರಲೇ ಇಲ್ಲ. “ಬರಿ. ಮುಚ್ಚಿಟ್ಟ ಅವರಿಗೆ ಏನ ಸಿಕ್ಕೈತಿ?” ಎಂದರು.

ಎರಡು ವರ್ಷದ ಹಿಂದೆ ಕಾಕಾನ ಕಿಡ್ನಿಗಳು ಕೈಬಿಟ್ಟವು. ವಾರಕ್ಕೆ ಎರಡು ಸಲ ಘಟಪ್ರಭಾಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಮೊದಲ ದಿನವೇ ಮಷೀನಿಗೆ ಹಿಂಗೈ ತಾಗಿಸಿ, “ಇದರ ಅರ್ಥಿಂಗ ಯಾರ ನೋಡತಾರ್ರೀ?” ಎಂದು ಕೇಳಿದರಂತೆ. ಆ ನರ್ಸಮ್ಮ, “ಅಜ್ಜಾರ, ನೀವು ಪೇಶೆಂಟೋ, ಲೈನಮನ್ನೋ?” ಎಂದಳಂತೆ. ಇದನ್ನು ಕಾಕೂ ನಗುತ್ತ ಹೇಳುತ್ತಿದ್ದರು.

ಆಗಲೇ ಕೌಜಲಗಿಯ ಗಿಟಾರಿನವನು ತನ್ನ ಪೆಟಿಗಿ ತಂದ. ಒಂದು ಗುಂಡಿ ಒಳಗೆ ಸಿಕ್ಕಿಕೊಂಡಿತ್ತು. ಕಾಕಾ ಅಡಿಯ ತಗಡು ಬಿಚ್ಚಿದರು. ಹಸಿರು ತಂತಿಯನ್ನು ಯಾರೋ ಕತ್ತರಿಸಿ, ತುದಿಗೆ ಚೆಂದಾಗಿ ಕರಿ ಟೇಪು ಸುತ್ತಿದ್ದರು.

“ಯಾರ ಮಾಡಿದ್ದಿದು?”

“ಸೌಂಡಿನಾಂವ ಮಾಡ್ಯಾನ್ರಿ ಕಾಕಾ. ಗುಂಯ್ ಅಂತ ಜೀವಾ ತಿಂತಿತ್ತು. ಈಗ ಕೇಳ್ರಿ, ಎಷ್ಟ ಸ್ವಚ್ಛ ಐತಿ!” ಅವನ ಮುಖ ಅರಳಿತ್ತು.

“ಮೈಕಿಗೆ ಬಾಯಿ ಹಚ್ಚಿದ್ರ ಏನಾರ ಆಗತೈತೇನು?”

“ಒಂಚೂರು ಚುರ್ ಅಂತೈತ್ರಿ, ಇರವಿ ಕಡದಂಗ. ಅದಕ್ಕ ಮೈಕಿಗೆ ಸ್ಪಂಜ ಹಾಕೇವಿ. ಎಲ್ಲಾರೂ ಹಂಗ ಮಾಡ್ತಾರಲ್ರಿ ಈಗ.”

ಕಾಕಾ ಅವನಿಗೆ ಬೈಯಲಿಲ್ಲ. ತಂತಿ ಸೇರಿಸಿ, ಸೋಲ್ಡರ್ ಹಾಕಿ ಕೊಟ್ಟು ಕಳಿಸಿದರು. ಆಮೇಲೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಕಾಲುಗಳು ಬಾತುಕೊಂಡಿದ್ದವು.

“ಎಲ್ಲಾರೂ ಹಂಗ ಮಾಡ್ತಾರಂತ ಯವ್ವಾ.”

ನನಗೆ ಅರ್ಥವಾಗಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ಪರದೇಶದ ಪೆಟ್ಟಿಗೆಯಲ್ಲಿ ಕರೆಂಟಿನ ಅಪಾಯವೆಲ್ಲ ಅಡಾಪ್ಟರಿನಲ್ಲಿ ಹೊರಗೇ ಉಳಿಯುತ್ತದೆ. ಕಾಲಡಿಗೆ ಬರುವುದು ಬ್ಯಾಟರಿಯಷ್ಟೇ ಸಣ್ಣ ಕರೆಂಟು. ಕಾಕಾನ ಪೆಟಿಗಿಯಲ್ಲಿ ಮನೆಯ ಪೂರಾ ಕರೆಂಟು ತಗಡಿನೊಳಗೆ ಬರುತ್ತದೆ. ನಡುವೆ ಕಾಯುವುದು ಆ ಒಂದು ಹಸಿರು ತಂತಿ. ಹಾಡು ನಿಲ್ಲಬಾರದೆಂದು ಅವರು ಮಾಡಿದ ಕೆಲಸವೇ ಹೀಗೆ ತಿರುಗಿ ನಿಂತಿತ್ತು.

“ಒಬ್ಬಾವನ್ನ ಕಳಕೊಂಡು ಬುದ್ಧಿ ಕಲತ್ನಿ ಅಂದ್ಕೊಂಡಿದ್ನಿ. ಹನ್ನೊಂದು ಮಾಡಿ ಇಟ್ಟೇನಿ ನೋಡು,” ಎಂದರು.

ಅವರಿಗೆ ಊರೂರು ತಿರುಗುವ ಶಕ್ತಿ ಇರಲಿಲ್ಲ. ನಾನು ಹೋಗುತ್ತೇನೆ ಎಂದೆ. ಚೀಲ ಹೊಲಿದವಳು ನಾನೇ ಎನ್ನುವುದರ ಹೊರತಾಗಿ ನನ್ನಲ್ಲಿ ಬೇರೆ ಅರ್ಹತೆ ಇರಲಿಲ್ಲ. ಒಂದು ವಾರ ಅವರ ಟೇಬಲ್ಲಿನ ಮುಂದೆ ಕೂರಿಸಿ ಸೋಲ್ಡರ್ ಹಿಡಿಯುವುದು, ಟೆಸ್ಟರ್ ಹಿಡಿಯುವುದು ಕಲಿಸಿದರು. ಬಟ್ಟೆಗೆ ಟಾಕು ಹಾಕಿದಂತೆ ಸೋಲ್ಡರ್ ಹಾಕುತ್ತೀ ಎಂದು ಬೈದರು. ಸಪ್ಪಳವನ್ನು ಹಾಗೇ ಬಿಟ್ಟರೆ ನಾನು ಜೋಡಿಸಿ ಬಂದ ತಂತಿಯನ್ನು ಮರುದಿನ ಮತ್ತೆ ಕತ್ತರಿಸುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಹಾಸಿಗೆಯ ಮೇಲೆ ಕೂತೇ ಹನ್ನೊಂದು ಸಣ್ಣ ಡಬ್ಬಿ ಮಾಡಿದರು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು. ಪೆಟಿಗಿಗೂ ಮಿಕ್ಸರಿಗೂ ನಡುವೆ ಅದನ್ನು ಹಾಕಿದರೆ ದನಿ ದಾಟುತ್ತದೆ, ಗುಂಯ್ ದಾಟುವುದಿಲ್ಲ. ಹಸಿರು ತಂತಿ ತನ್ನ ಜಾಗದಲ್ಲೇ ಇರುತ್ತದೆ. ಒಂದು ಡಬ್ಬಿಗೆ ಒಂದು ದಿನ ಹಿಡಿಯುತ್ತಿತ್ತು. ಡಯಾಲಿಸಿಸ್ ಆದ ದಿನ ಕೈ ನಡುಗಿ ಏನೂ ಆಗುತ್ತಿರಲಿಲ್ಲ.

ನಾನು ಸೋಮವಾರ ಅಂಗಡಿ ಮುಚ್ಚಿ ಬಸ್ಸು ಹತ್ತುತ್ತಿದ್ದೆ. ಕೆಲವರು ಚಹಾ ಕೊಟ್ಟು ಕೂರಿಸಿದರು, ಕೆಲವರು ಹುಚ್ಚಿಯೆಂಬಂತೆ ನೋಡಿದರು. ನಾನು ಬಿಚ್ಚಿದ ಪ್ರತಿ ಪೆಟಿಗಿಯ ಅಡಿ ತಗಡಿನ ಒಳಮೈಗೆ ಕಾಕಾ ಮಾರ್ಕರಿನಿಂದ ಬರೆದಿದ್ದರು: ‘ಹಸರ ತಂತಿ ಬಿಚ್ಚಬ್ಯಾಡ್ರಿ.’ ನಾನು ನೋಡಿದ ಹತ್ತರಲ್ಲಿ ಆರು ಪೆಟಿಗಿಗಳಲ್ಲಿ ಆ ಬರಹದ ಎದುರಿಗೇ ತಂತಿ ಕತ್ತರಿಸಿದ್ದರು.

ಮೂಡಲಗಿಯ ಆರ್ಕೆಸ್ಟ್ರಾ ಮಾಲಕ ಬಾಗಿಲಲ್ಲೇ ನಿಲ್ಲಿಸಿದ.

“ಏನ್ರಿ ಅಕ್ಕಾರ, ಬ್ಲೌಸ ಹೊಲಿಯೂದ ಬಿಟ್ಟ ಕರೆಂಟ ಹೊಲಿಯಾಕ ಬಂದ್ರೇನು?”

“ಹೌದ್ರಿ. ನಿಮ್ಮದ ಹರದೈತಿ ಅಂತ ಸುದ್ದಿ ಬಂತು.”

ನಕ್ಕು ಒಳಗೆ ಬಿಟ್ಟ. ಮುಂದಿನ ಕೋಣೆಯಲ್ಲಿ ಅವನ ಗಿಟಾರಿನವನು ತಾಲೀಮು ಮಾಡಿ ಎದ್ದು ಹೋಗಿದ್ದ. ಪೆಟಿಗಿ ಚಾಲೂ ಇತ್ತು, ಗಿಟಾರನ್ನು ಕುರ್ಚಿಗೆ ಆನಿಸಿ ಇಟ್ಟಿದ್ದರು. ಕಾಕಾ ಹೇಳಿದಂತೆ ಗಿಟಾರಿನ ತಂತಿಗೆ ಟೆಸ್ಟರ್ ತಾಗಿಸಿದೆ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು. ಸಣ್ಣ ದೀಪ. ಕೋಣೆಯಲ್ಲಿ ಒಂದು ಸಪ್ಪಳವಿಲ್ಲ. ಮಾಲಕನ ಹೆಂಡತಿ ಅದೇ ಕುರ್ಚಿಯನ್ನು ಸರಿಸಲು ಗಿಟಾರಿನ ಕಡೆ ಕೈ ಚಾಚಿದ್ದಳು. ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ. ನಾನು ಒದರಿದ ಒದರಿಗೆ ತಂಬಿಗೆ ಕೆಳಗೆ ಬಿತ್ತು.

ಮಾಲಕ ತಾನೇ ಪ್ಲಗ್ ಕಿತ್ತ. ನಾನು ತಂತಿ ಸೇರಿಸಿ ತಿರುಪು ಹಾಕುವವರೆಗೆ ಟಾರ್ಚು ಹಿಡಿದು ನಿಂತಿದ್ದ. ಬಸ್‌ಸ್ಟ್ಯಾಂಡಿನವರೆಗೂ ಗಾಡಿಯ ಮೇಲೆ ತಂದು ಬಿಟ್ಟ. ಇಳಿದಾಗ ಕೇಳಿದ, “ಅಕ್ಕಾರ, ನಮ್ಮ ಹುಡುಗ ಎರಡ ವರ್ಷ ಇದರಾಗ ಹಾಡ್ಯಾನಲ್ರಿ. ಹೆಂಗ ಉಳದ?” ಬಂದು ಕಾಕಾನನ್ನು ಕೇಳಿದೆ. “ಒಣಾ ನೆಲದ ಮ್ಯಾಲೆ ನಿಂತಿರಬೇಕು. ಒಂದಿನ ಹಸೀ ಇರತೈತಿ,” ಎಂದರು.

ಹೀಗೆ ಹತ್ತು ಮುಗಿದವು. ಉಳಿದದ್ದು ಅವರು ಎಲ್ಲಕ್ಕಿಂತ ಮೊದಲು ಮಾಡಿದ್ದು. ಅದನ್ನು ಕೊಂಡವನು ಗೋಕಾಕದವನೇ. ಹೊಳೆ ಬಂದ ವರ್ಷ ಅವನ ಮನೆಯಲ್ಲಿ ಎರಡು ದಿನ ಆಳೆತ್ತರ ನೀರು ನಿಂತಿತ್ತು. ಪೆಟಿಗಿ ನೀರಿನ ಕೆಳಗಿತ್ತು. ತೆಗೆದು, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಒಣಗಿಸಿದ. ಚಾಲೂ ಆಯಿತು. ಚಾಲೂ ಆದದ್ದಕ್ಕೆ ಅವನು ಕಾಕಾನನ್ನು ಊರ ತುಂಬ ಹೊಗಳಿದ. ಆಮೇಲೆ ಅದನ್ನು ಹುಕ್ಕೇರಿಯ ಒಬ್ಬ ಸಂಗೀತ ಮಾಸ್ತರರಿಗೆ ಮಾರಿದ. ನಾನು ಹುಕ್ಕೇರಿಗೆ ಹೋದೆ. ಮಾಸ್ತರರು ಒಳ್ಳೆಯವರು.

“ಅದು ನನ್ನ ಕಡೆ ಆರ ತಿಂಗಳ ಇತ್ತು ನೋಡವಾ. ಗುಂಯ್ ಅಂತಿತ್ತು. ವೈರಿನವನ ಕಡೆ ತೋರಿಸಿದೆ, ಏನೋ ಮಾಡಿಕೊಟ್ಟ, ಸರಿ ಹೋತು. ಆಮ್ಯಾಲೆ ಒಬ್ಬಾಂವ ಬಂದು ಕೇಳಿದ, ಕೊಟ್ಟೆ.”

“ಯಾರ್ರಿ ಅಂವಾ? ಯಾವೂರು?”

“ಊರ ಕೇಳಲಿಲ್ಲ. ಮೋಟರಸೈಕಲ್ ಮ್ಯಾಲೆ ಬಂದಿದ್ದ. ಚಲೋ ಹಾಡತಿದ್ದ. ಇಲ್ಲೇ ಕುಂತು ಒಂದು ಹಾಡಿ ತೋರಿಸಿದ.”

ಆ ಮನುಷ್ಯ ಮಾಸ್ತರರಿಗೆ ಕೊಟ್ಟಿದ್ದ ನಂಬರು ಬಂದ್ ಆಗಿತ್ತು. ಕಾಕಾಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. “ಅಂವಾ ಹಾಡತಾನ?” ನೀರು ಕುಡಿದ ಟ್ರಾನ್ಸ್‌ಫಾರ್ಮರು, ಕತ್ತರಿಸಿದ ತಂತಿ, ಮೈಕಿಗೆ ಬಾಯಿ ಹಚ್ಚುವ ಮನುಷ್ಯ. ಮೂರೂ ಒಂದೇ ಕಡೆ ಸೇರಿದ್ದವು.

ನಾನು ಹುಡುಕಿದೆ. ಸೌಂಡಿನವರನ್ನು, ಪೆಂಡಾಲಿನವರನ್ನು, ಕಂಡ ಕಂಡ ಗಿಟಾರಿನವರನ್ನು ಕೇಳಿದೆ. ಅಷ್ಟರಲ್ಲಿ ಕಾಕಾ ಏಳದಂತಾದರು. ಘಟಪ್ರಭಾಕ್ಕೆ ಕರೆದುಕೊಂಡು ಹೋಗುವುದು ಬೇಡ ಎಂದು ಅವರೇ ನಿಲ್ಲಿಸಿದರು. ಕಾಕೂ ನನ್ನನ್ನು ಅಡಿಗೆಮನೆಗೆ ಕರೆದು, “ರಾತ್ರಿ ಹಗಲು ಅದನ್ನ ಬಡಬಡಸಾಕತ್ತಾರು. ಸಿಕ್ಕಿತು ಅಂತ ಹೇಳಿಬಿಡ. ಸಮಾಧಾನದಿಂದ ಹೋಗಲಿ,” ಎಂದರು.

ನನಗೆ ಸುಳ್ಳು ಹೇಳಿ ರೂಢಿಯಿಲ್ಲ. ನಾಳೆ ಹೊಲಿದು ಕೊಡುತ್ತೇನೆ ಎನ್ನುವುದೊಂದನ್ನು ಬಿಟ್ಟು. ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತು ಹೇಳಿದೆ.

“ಕಾಕಾ, ಹನ್ನೊಂದನೇದೂ ಸಿಕ್ತು. ತಂತಿ ಜೋಡಿಸಿ ಬಂದೇನಿ. ಡಬ್ಬೀನೂ ಹಾಕೇನಿ.”

ಅವರು ಕಣ್ಣು ತೆರೆದರು. ಮುಖದ ಮೇಲೆ ಒಂದು ಬೆಳಕು ಬಂದದ್ದು ಖರೆ.

“ಒಳಗ ತುಕ್ಕ ಹಿಡದಿತ್ತೇನು?”

“ಸ್ವಲ್ಪ ಹಿಡದಿತ್ರಿ. ಕೆರದ ತಗದ್ನಿ.”

“ಬರದದ್ದ ಕಾಣತಿತ್ತು?”

“ಕಾಣತಿತ್ತು. ಹಸರ ತಂತಿ ಬಿಚ್ಚಬ್ಯಾಡ್ರಿ ಅಂತ. ಚಂದ ಕಾಣತಿತ್ತು ಕಾಕಾ.”

ಬಾಗಿಲಲ್ಲಿ ಕಾಕೂ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

“ಅದರಾಗ ನಾ ಏನೂ ಬರದಿಲ್ಲ ಯವ್ವಾ,” ಎಂದರು ಕಾಕಾ. “ಮೊದಲನೇದು ಅದು. ಅವಾಗ ಬರೀಬೇಕು ಅಂತ ಹೊಳೀಲಿಲ್ಲ. ನಾನ ಇರತೇನಲ್ಲಾ ಅಂತ ತಿಳದಿದ್ನಿ.”

ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಸುಳ್ಳ ಹೇಳಿದ್ದಕ್ಕ ಬ್ಯಾಸರಿಲ್ಲ. ಆಕಿ ಹೇಳಿಸ್ಯಾಳ, ಗೊತ್ತೈತಿ. ಆದ್ರ ಹುಡಕೂದ ಬಿಡಬ್ಯಾಡ. ಅಂವಗೂ ಅವ್ವ ಇರತಾಳು.”

ಅದಾಗಿ ಮೂರನೆಯ ದಿನ ಬೆಳಿಗ್ಗೆ ಹೋದರು.

ಕಾಕಾನ ಬಗ್ಗೆ ಬರೆಯಲು ಇನ್ನೂ ಇದೆ. ಅವರ ಚಹಾದ ಚಟ, ಕಾಕೂ ಜೊತೆಗಿನ ಜಗಳ, ಸೋಲ್ಡರಿನ ತುಂಡಿನಿಂದ ನನ್ನ ಮಗಳಿಗೆ ಮಾಡಿಕೊಟ್ಟ ಗುಬ್ಬಿ. ಅವನ್ನು ಬರೆಯುವ ಸಮಾಧಾನ ನನಗಿನ್ನೂ ಬಂದಿಲ್ಲ. ಈಗಲೂ ಸೋಮವಾರ ಬಸ್ಸು ಹತ್ತುತ್ತೇನೆ. ಯಾವ ಊರಿನ ಪೆಂಡಾಲಿನಿಂದ ಗಿಟಾರಿನ ದನಿ ಬಂದರೂ ಇಳಿದು ಹೋಗಿ ಕಾಲ ಬುಡ ನೋಡುತ್ತೇನೆ.

ಇದನ್ನು ಓದುವವರಲ್ಲಿ ಯಾರಾದರೂ ಗಿಟಾರಿನವರು ಇರಬಹುದು, ಗಿಟಾರಿನವರ ಅಕ್ಕತಂಗಿಯರು, ಹೆಂಡಂದಿರು, ತಾಯಂದಿರು ಇರಬಹುದು. ನಿಮ್ಮ ಮನೆಯಲ್ಲಿ ಟ್ರೇಲರಿನ ಕೆಂಪು ಬಣ್ಣದ, ಕಂಪನಿಯ ಹೆಸರಿಲ್ಲದ ಒಂದು ತಗಡಿನ ಪೆಟಿಗಿ ಇದೆಯೇ ನೋಡಿ. ಎರಡು ಸಾಲಿನಲ್ಲಿ ಎಂಟು ಮೊಂಡ ಗುಂಡಿ, ಪರದೆಯ ಮೇಲೆ ತಗಡಿನ ಛಾವಣಿ. ಚೀಲ ಇನ್ನೂ ಉಳಿದಿದ್ದರೆ ಅದು ಕರಿ ರೆಕ್ಸಿನ್ನಿನದು, ಅಂಚಿಗೆ ಬಿಳಿ ಪಟ್ಟಿ. ಪ್ಲಗ್ ಕಿತ್ತಿಡಿ. ನೀವೇ ಬಿಚ್ಚಬೇಡಿ. ಗೋಕಾಕದ ಬಜಾರಿನಲ್ಲಿ ಪೆಟಿಗಿ ಕಾಕಾನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಅದು ಮುಚ್ಚಿದೆ, ಬಾಜೂ ಇರುವುದು ನನ್ನದು. ಹೇಳಿ ಕಳಿಸಿದರೂ ಸಾಕು, ನಾನೇ ಬರುತ್ತೇನೆ. ದುಡ್ಡು ಬೇಡ, ಚಹಾ ಕೂಡ ಬೇಡ.

ಅದು ಗುಂಯ್ ಎನ್ನುತ್ತಿದ್ದರೆ ಒಂದೆರಡು ದಿನ ತಡವಾದರೂ ನಡೆದೀತು. ದನಿ ಬಹಳ ಸ್ವಚ್ಛವಾಗಿದ್ದರೆ ಮಾತ್ರ, ಕೈ ಮುಗಿದು ಕೇಳುತ್ತೇನೆ, ಇವತ್ತು ಹಾಡಬೇಡಿ.